ಚಿತ್ರ ನನ್ನದು, ಗೋಡೆ ನಿಮ್ಮದು: ಕಲಾ ಗ್ರಂಥಾಲಯಕ್ಕೆ ಕೃತಿ ಎರವಲು ಕೊಡುವ ಮಲೆನಾಡಿನ ಕಲಾವಿದರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಕಲಾವಿದರ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟು ಮಾಡಿದ್ದೇವೆ. ಮೊದಲ ಸಲ ಕೊಡುವವರಿಗೆ ಮೊದಲ ಎರಡು ಭಾಗ ಸಾಕು. ಮಳೆಗಾಲದ ಭಾಗವನ್ನು ಮಾತ್ರ ಯಾರೂ ಬಿಡಬೇಡಿ.

## ಮೊದಲ ಹೆಜ್ಜೆ

ಕಲಾ ಗ್ರಂಥಾಲಯ ಅಂದ್ರೆ ಚಿತ್ರಕಲೆ ಬಗ್ಗೆ ಪುಸ್ತಕ ಇಟ್ಟಿರೋ ಜಾಗನಾ?

ಅಲ್ಲ. ಇಲ್ಲಿ ಎರವಲು ಹೋಗುವುದು ಚಿತ್ರವೇ. ಕಾದಂಬರಿ ಒಯ್ದು ಓದಿ ತಂದುಕೊಡುವ ಹಾಗೆ, ಸದಸ್ಯರು ಒಂದು ಜಲವರ್ಣವನ್ನೋ ಮುದ್ರಣಚಿತ್ರವನ್ನೋ ಮನೆಗೆ ಒಯ್ದು, ಎರಡು ಮೂರು ತಿಂಗಳು ಗೋಡೆಗೆ ಹಾಕಿಕೊಂಡು ಹಿಂದಿರುಗಿಸುತ್ತಾರೆ. ಪ್ರದರ್ಶನಕ್ಕೆ ಬಂದವರು ಒಂದು ಚಿತ್ರದ ಮುಂದೆ ಅರ್ಧ ನಿಮಿಷ ನಿಂತರೆ ಹೆಚ್ಚು. ನಡುಮನೆಯ ಗೋಡೆಯಲ್ಲಿದ್ದರೆ ಅದೇ ಚಿತ್ರವನ್ನು ಶಾಲೆಗೆ ಹೊರಟ ಮಗು, ಹಾಲು ಕರೆದು ಬಂದ ಅಜ್ಜಿ, ಊಟಕ್ಕೆ ಬಂದ ನೆಂಟರು ದಿನಾ ನೋಡುತ್ತಾರೆ. ಚಿತ್ರ ತಾನಾಗಿ ಮನೆಮಾತಾಗುತ್ತದೆ.

ಕೊಟ್ಟ ಮೇಲೆ ಅದು ನನ್ನದಾಗಿಯೇ ಇರತ್ತಾ?

ಇರುತ್ತದೆ. ನೀವು ಕೊಡುವುದು ಚಿತ್ರವನ್ನು ಇಟ್ಟುಕೊಳ್ಳುವ ಅವಕಾಶವನ್ನು ಮಾತ್ರ, ಒಡೆತನವನ್ನಲ್ಲ. ಗ್ರಂಥಾಲಯಕ್ಕೆ ಅದನ್ನು ಮಾರುವ, ಅಡ ಇಡುವ, ದಾನ ಕೊಡುವ ಹಕ್ಕಿಲ್ಲ. ಎಡವಟ್ಟಾಗುವುದು ರಸೀದಿಯ ಭಾಷೆಯಲ್ಲಿ. ಪ್ರೀತಿಯಿಂದ ಯಾರೋ ‘ಸಂಗ್ರಹಕ್ಕೆ ಕೊಡುಗೆ’ ಎಂದು ಬರೆದುಬಿಡುತ್ತಾರೆ; ಐದು ವರ್ಷ ಕಳೆದ ಮೇಲೆ ಅದು ದಾನವೋ ಎರವಲೋ ಎಂದು ಯಾರಿಗೂ ನೆನಪಿರುವುದಿಲ್ಲ. ರಸೀದಿಯಲ್ಲಿ ‘ಎರವಲು’ ಎಂಬ ಪದ, ಕೊಟ್ಟ ದಿನ, ಹಿಂದಿರುಗಿಸುವ ದಿನ, ಈ ಮೂರೂ ಇವೆಯೇ ಎಂದು ನೋಡಿಕೊಂಡೇ ಸಹಿ ಹಾಕಿ.

ನಾನೇನು ಹೆಸರು ಮಾಡಿದ ಕಲಾವಿದೆ ಅಲ್ಲ. ನನ್ನದನ್ನ ತಗೋತಾರಾ?

ತೆಗೆದುಕೊಳ್ಳಬೇಕು. ಕಲಾ ಗ್ರಂಥಾಲಯ ಇರುವುದೇ ಅದಕ್ಕೆ. ಕೃತಿ ನಿಮ್ಮ ಸ್ವಂತದ್ದಾಗಿರಬೇಕು ಮತ್ತು ನಾಲ್ಕು ಕೈ ಓಡಾಡುವಷ್ಟು ಗಟ್ಟಿಯಾಗಿರಬೇಕು, ಅಷ್ಟೆ. ಫೋಟೋ ನೋಡಿ ನಕಲು ಮಾಡಿದ ಚಿತ್ರವಾದರೆ ಫೋಟೋ ಯಾರದ್ದು ಎಂದು ಮೊದಲೇ ಹೇಳಿ. ಬೇರೆಯವರ ಫೋಟೋದಿಂದ ಬರೆದದ್ದನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಕೊಡಬೇಡಿ.

ಇದರಿಂದ ದುಡ್ಡೇನಾದ್ರೂ ಬರತ್ತಾ?

ಹೊಟ್ಟೆ ತುಂಬುವಷ್ಟು ಬರುವುದಿಲ್ಲ. ಕೆಲವು ಕಡೆ ಎರವಲು ಪೂರ್ತಿ ಉಚಿತ. ಇನ್ನು ಕೆಲವು ಕಡೆ ಒಯ್ಯುವವರಿಂದ ಸಣ್ಣ ಶುಲ್ಕ ಪಡೆದು ಕಲಾವಿದರಿಗೆ ಪಾಲು ಕೊಡುತ್ತಾರೆ. ಕಲಾವಿದರು ಕೈಯಿಂದ ಖರ್ಚು ಮಾಡುವ ಸ್ಥಿತಿ ಮಾತ್ರ ಇರಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ: ಫ್ರೇಮ್, ಸಾಗಾಟ, ರಿಪೇರಿ ಈ ಮೂರನ್ನು ಗ್ರಂಥಾಲಯವೇ ಹೊರಬೇಕು. ಶುಲ್ಕ ಇದ್ದರೆ ಕಾನೂನಿನ ದೃಷ್ಟಿಯಲ್ಲಿ ಅದು ಬಾಡಿಗೆಯಾಗುತ್ತದೆ, ಉಚಿತ ಎರವಲಿನ ನಿಯಮಗಳು ಅನ್ವಯಿಸುವುದಿಲ್ಲ. ಯಾವುದು ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಯಾವ ಚಿತ್ರ ಕೊಡಲಿ, ಯಾವುದನ್ನ ಮನೇಲೇ ಇಟ್ಕೊಳ್ಳಲಿ?

ಹೋದರೆ ಎದೆ ಒಡೆಯುತ್ತದೆ ಅನ್ನಿಸುವುದನ್ನು ಕೊಡಬೇಡಿ. ಎಷ್ಟೇ ಜಾಗ್ರತೆ ಮಾಡಿದರೂ ಎರವಲಿನಲ್ಲಿ ಅಪಾಯ ಇದ್ದೇ ಇದೆ.

ಸಾಮಗ್ರಿಯ ಲೆಕ್ಕದಲ್ಲಿ ಹೇಳುವುದಾದರೆ ಕ್ಯಾನ್ವಾಸ್ ಅಥವಾ ಪ್ಲೈವುಡ್ ಮೇಲಿನ ಅಕ್ರಿಲಿಕ್, ಲಿನೋ ಮತ್ತು ಮರದಚ್ಚಿನ ಮುದ್ರಣಗಳು, ಸುಟ್ಟ ಮಣ್ಣಿನ ಫಲಕಗಳು ಓಡಾಟವನ್ನು ಚೆನ್ನಾಗಿ ತಡೆಯುತ್ತವೆ. ಜಲವರ್ಣ ಕೊಡಬಹುದು, ಆದರೆ ಬಿಸಿಲಿಗೂ ಥಂಡಿಗೂ (ಗಾಳಿಯ, ಗೋಡೆಯ ತೇವಕ್ಕೂ) ಸೂಕ್ಷ್ಮ. ಇದ್ದಿಲು ಮತ್ತು ಮೆದು ಪೇಸ್ಟಲ್ ಬಸ್ಸಿನ ಅಲುಗಾಟಕ್ಕೇ ಪುಡಿ ಉದುರಿಸುತ್ತವೆ. ಸ್ಕೆಚ್ ಪೆನ್ ಮತ್ತು ಫ್ಲೋರೆಸೆಂಟ್ ಬಣ್ಣದವು ಕಿಟಕಿ ಎದುರಿನ ಗೋಡೆಯಲ್ಲಿ ಕೆಲವೇ ತಿಂಗಳಲ್ಲಿ ಪೇಲವವಾಗುತ್ತವೆ. ತೈಲವರ್ಣ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಪದರ ಹಸಿ ಇರುತ್ತದೆ. ದಪ್ಪ ಬಣ್ಣವಾದರೆ 6ರಿಂದ 12 ತಿಂಗಳು ಕಾಯಿರಿ.

## ಕೊಡುವ ಮುಂಚಿನ ತಯಾರಿ

ಫ್ರೇಮ್ ಹಾಕಿಸಲೇಬೇಕಾ? ಚಿತ್ರಕ್ಕಿಂತ ಫ್ರೇಮಿಗೇ ಜಾಸ್ತಿ ಆಗತ್ತೆ.

ಕಾಗದದ ಮೇಲಿನ ಕೃತಿಗೆ ಬೇಕೇ ಬೇಕು. ಆದರೆ ಪ್ರತಿ ಚಿತ್ರಕ್ಕೂ ಬೇರೆ ಫ್ರೇಮ್ ಬೇಡ. ಗ್ರಂಥಾಲಯವೇ 12×16 ಮತ್ತು 16×20 ಇಂಚು, ಈ ಎರಡು ಅಳತೆಯಲ್ಲಿ ಹಿಂಬದಿಯನ್ನು ತೆಗೆದು ಹಾಕಲು ತಿರುಗುಣಿ ಇರುವ ಫ್ರೇಮ್‌ಗಳನ್ನು ಮಾಡಿಸಿಟ್ಟುಕೊಂಡರೆ ಸಾಕು. ಕಲಾವಿದರು ಚಿತ್ರವನ್ನು ಅದೇ ಅಳತೆಯ ಮೌಂಟ್‌ನಲ್ಲಿ (ಚಿತ್ರದ ಸುತ್ತ ಬರುವ ದಪ್ಪ ರಟ್ಟಿನ ಚೌಕಟ್ಟು) ಕೂರಿಸಿ ಕೊಡುತ್ತಾರೆ. ಚಿತ್ರ ಬದಲಾಗುತ್ತದೆ, ಫ್ರೇಮ್ ಅದೇ ಇರುತ್ತದೆ.

ಮುಂದಿನಿಂದ ಹಿಂದಕ್ಕೆ ಪದರಗಳ ಕ್ರಮ ಹೀಗೆ: ಗಾಜು ಅಥವಾ ಅಕ್ರಿಲಿಕ್ ಶೀಟ್, ಕಿಟಕಿ ಕತ್ತರಿಸಿದ ಆಮ್ಲರಹಿತ ಮೌಂಟ್ ಬೋರ್ಡ್, ಚಿತ್ರ, ಆಮ್ಲರಹಿತ ಹಿಂಬೋರ್ಡ್, ಕೊನೆಗೆ 3 ಮಿ.ಮೀ. ಸನ್‌ಪ್ಯಾಕ್ ಶೀಟ್. ಜಾಹೀರಾತು ಫಲಕಕ್ಕೆ ಬಳಸುವ ಆ ಪ್ಲಾಸ್ಟಿಕ್ ಶೀಟ್ ನೀರು ಹೀರುವುದಿಲ್ಲ. ಅಂಗಡಿಗಳಲ್ಲಿ ಮಾಮೂಲಾಗಿ ಹಾಕುವ ಹಾರ್ಡ್‌ಬೋರ್ಡ್ ಗೋಡೆಯ ಥಂಡಿಯನ್ನು ಕುಡಿದು ಉಬ್ಬುತ್ತದೆ, ಅದರ ಆಮ್ಲ ಕಾಗದವನ್ನು ಕಂದು ಮಾಡುತ್ತದೆ. ಮೌಂಟ್ ಇರುವುದು ಚಂದಕ್ಕಲ್ಲ. ಚಿತ್ರ ಗಾಜಿಗೆ ತಾಗದಂತೆ ಒಂದೂವರೆ ಮಿ.ಮೀ.ಯಷ್ಟು ಗಾಳಿ ಬಿಡುವುದು ಅದರ ಕೆಲಸ. ತಾಗಿದರೆ ಮಳೆಗಾಲದಲ್ಲಿ ಬಣ್ಣ ಗಾಜಿಗೇ ಅಂಟಿ ಬರುತ್ತದೆ.

ಚಿತ್ರವನ್ನು ಸೆಲ್ಲೋಟೇಪಿನಿಂದ ಅಂಟಿಸಬೇಡಿ. ಟೇಪಿನ ಅಂಟು ಎರಡು ಮೂರು ವರ್ಷದಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡುವುದಿಲ್ಲ. ಗೋಧಿ ಪಿಷ್ಟವನ್ನು ಕುದಿಸಿ ಮಾಡಿದ ಅಂಟು, ತೆಳು ಜಪಾನಿ ಕಾಗದದ ಎರಡು ಪಟ್ಟಿ, ಮೇಲಂಚಿನಲ್ಲಿ ಮಾತ್ರ. ಕೆಳಗೆ ಬಿಡಿಯಾಗಿ ತೂಗುತ್ತಿರಲಿ. ಥಂಡಿಗೆ ಕಾಗದ ಹಿಗ್ಗಿದಾಗ ಸುಕ್ಕು ಬೀಳುವುದಿಲ್ಲ.

ಗಾಜು ಒಳ್ಳೇದಾ, ಅಕ್ರಿಲಿಕ್ ಶೀಟಾ?

ಓಡಾಡುವ ಚಿತ್ರಕ್ಕೆ ಅಕ್ರಿಲಿಕ್. 16×20 ಇಂಚಿಗೆ 2 ಮಿ.ಮೀ. ಗಾಜು ಸುಮಾರು 1 ಕೆ.ಜಿ. ತೂಗಿದರೆ ಅಕ್ರಿಲಿಕ್ ಅರ್ಧ ಕೆ.ಜಿ. ಒಡೆದರೂ ಚೂರು ಚಿತ್ರವನ್ನು ಸೀಳುವುದಿಲ್ಲ. ಗೀರು ಬೇಗ ಬೀಳುತ್ತದೆ, ಆದ್ದರಿಂದ ಒಣಬಟ್ಟೆಯಲ್ಲಿ ತಿಕ್ಕಬೇಡಿ. ಅಮೋನಿಯ ಇರುವ ಗಾಜು ಒರೆಸುವ ದ್ರವ ಹಾಕಬೇಡಿ, ಮಂಜಾಗುತ್ತದೆ. ಇದ್ದಿಲು, ಪೇಸ್ಟಲ್ ಚಿತ್ರಕ್ಕೆ ಮಾತ್ರ ಗಾಜೇ ಇರಲಿ. ಒರೆಸಿದಾಗ ಅಕ್ರಿಲಿಕ್‌ನಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ಪುಡಿಯನ್ನು ಮೇಲಕ್ಕೆಳೆದುಕೊಳ್ಳುತ್ತದೆ.

ಚಿತ್ರದ ಹಿಂದೆ ಏನೇನು ಬರೀಬೇಕು?

ಹೆಸರು, ಶೀರ್ಷಿಕೆ, ವರ್ಷ, ಸಾಮಗ್ರಿ, ಅಳತೆ, ಗ್ರಂಥಾಲಯದ ಸಂಖ್ಯೆ. ಚಿತ್ರದ ಹಿಂಬದಿಯಲ್ಲಾದರೆ ಮೆದು ಪೆನ್ಸಿಲಿನಲ್ಲಿ, ಅಂಚಿನ ಹತ್ತಿರ. ಬಾಲ್‌ಪೆನ್ ಮುಂದೆ ಉಬ್ಬಿ ಕಾಣುತ್ತದೆ, ಮಾರ್ಕರ್ ಸೋರಿ ಮುಂದಕ್ಕೆ ಬರುತ್ತದೆ. ಚಿತ್ರದ ಬಗ್ಗೆ ನಾಲ್ಕು ಸಾಲು ಬರೆದ ಕಾರ್ಡೊಂದನ್ನು ಫ್ರೇಮಿನ ಹಿಂದೆ ಲಕೋಟೆಯಲ್ಲಿಟ್ಟು ಕಳಿಸಿ. ಅದನ್ನು ಮನೆಯವರು ಖಂಡಿತ ಓದುತ್ತಾರೆ, ಬಂದವರಿಗೂ ಓದಿ ಹೇಳುತ್ತಾರೆ.

ಬೆಲೆ ಎಷ್ಟು ಅಂತ ಬರೆಸಲಿ? ಜಾಸ್ತಿ ಬರೆದ್ರೆ ಯಾರೂ ಒಯ್ಯಲ್ಲ, ಕಮ್ಮಿ ಬರೆದ್ರೆ ನಷ್ಟ.

ಎರಡೂ ನಿಜ. ಒಪ್ಪಂದದಲ್ಲಿ ಬರೆಯುವುದು ಕನಸಿನ ಬೆಲೆಯಲ್ಲ, ಹಾಳಾದರೆ ಕೊಡಬೇಕಾದ ಮೊತ್ತ. ಇದೇ ಅಳತೆಯ, ಇದೇ ಬಗೆಯ ನಿಮ್ಮ ಚಿತ್ರ ಕೊನೆಯ ಸಲ ಎಷ್ಟಕ್ಕೆ ಹೋಯಿತೋ ಅಷ್ಟು ಹಾಕಿ. ಇನ್ನೂ ಮಾರಿಲ್ಲವೆಂದರೆ ಸಾಮಗ್ರಿಯ ಖರ್ಚಿಗೆ ನಿಮ್ಮ ದುಡಿಮೆಯ ದಿನಗಳ ಕೂಲಿ ಸೇರಿಸಿ. ಈ ಮೊತ್ತವನ್ನು ಪೂರ್ತಿ ಠೇವಣಿಯಾಗಿ ಕೇಳಿದರೆ ಶಾಲಾ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ ಹತ್ತಿರವೂ ಬರುವುದಿಲ್ಲ. ಠೇವಣಿ ಸಣ್ಣದಿರಲಿ, ಉಳಿದದ್ದಕ್ಕೆ ಗ್ರಂಥಾಲಯ ಒಂದು ರಿಪೇರಿ ನಿಧಿ ಇಟ್ಟುಕೊಳ್ಳಲಿ. ವಿಮೆ ಮಾಡಿಸುವುದಾದರೆ ನಿಮ್ಮ ಗೋಡೆಯಿಂದ ಇಳಿಸಿದ ಕ್ಷಣದಿಂದ ಮತ್ತೆ ಅಲ್ಲೇ ತೂಗುಹಾಕುವ ತನಕ, ದಾರಿಯೂ ಸೇರಿ, ರಕ್ಷಣೆ ಇದೆಯೇ ಎಂದು ಕೇಳಿ.

ಸ್ಥಿತಿಪತ್ರ ಅಂದ್ರೇನು? ‘ಚೆನ್ನಾಗಿದೆ’ ಅಂತ ಬರೆದ್ರೆ ಸಾಲದಾ?

ಸಾಲದು. ಎರವಲಿನ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇದೊಂದು ಪದದಿಂದ. ಮೂಲೆಯ ಬಿರುಕು ಮೊದಲೇ ಇತ್ತೋ ಆಮೇಲೆ ಬಂತೋ ಎಂದು ‘ಚೆನ್ನಾಗಿದೆ’ ಹೇಳುವುದಿಲ್ಲ.

ಸ್ಥಿತಿಪತ್ರ ಎಂದರೆ ಚಿತ್ರ ಕೈ ಬದಲಾಯಿಸುವಾಗೆಲ್ಲ ಇಬ್ಬರೂ ಒಟ್ಟಿಗೆ ನೋಡಿ ಸಹಿ ಹಾಕುವ ಒಂದು ಹಾಳೆ. ಅದರಲ್ಲಿ ಬರೆಯುವ ರೀತಿ ಹೀಗಿರಲಿ: ‘ಎಡ ಅಂಚಿನಿಂದ 4 ಸೆಂ.ಮೀ., ಕೆಳಗಿನಿಂದ 11 ಸೆಂ.ಮೀ.: ಅಕ್ಕಿಕಾಳಿನಷ್ಟು ಕಂದು ಚುಕ್ಕೆ. ಬಲ ಮೇಲ್ಮೂಲೆ: ಫ್ರೇಮಿನ ಜೋಡಣೆ 1 ಮಿ.ಮೀ. ಬಿಟ್ಟಿದೆ.’ ಜೊತೆಗೆ ಫೋಟೋಗಳು: ಮುಂದೆ ಪೂರ್ತಿ, ಹಿಂದೆ ಪೂರ್ತಿ, ನಾಲ್ಕು ಮೂಲೆ, ಸಹಿ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಚಿತ್ರದ ಪಕ್ಕಕ್ಕೆ ಬಹುತೇಕ ಮಲಗಿಸಿ ಹಿಡಿದು ಒಂದು ಫೋಟೋ ತೆಗೆಯಿರಿ. ಎದುರಿನ ಬೆಳಕಿನಲ್ಲಿ ಕಾಣದ ಉಬ್ಬು, ತಗ್ಗು, ಎದ್ದ ಬಣ್ಣದ ಹಕ್ಕಳೆ ಎಲ್ಲ ನೆರಳು ಬಿದ್ದು ಎದ್ದು ಕಾಣುತ್ತವೆ.

ಇಷ್ಟಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಈ ಹತ್ತು ನಿಮಿಷ ಉಳಿಸಲು ಹೋಗಿ ಸ್ನೇಹ ಕಳೆದುಕೊಳ್ಳಬೇಡಿ.

## ಮಳೆ, ಗೋಡೆ, ದಾರಿ

ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರತ್ತೆ. ಚಿತ್ರದ ಗತಿ ಏನು?

ಮಲೆನಾಡಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಇದೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಗಾಳಿಯ ಆರ್ದ್ರತೆ ಶೇ. 65–70 ದಾಟಿ ಕೆಲವು ದಿನ ನಿಂತರೆ ಕಾಗದ, ಅಂಟು, ಬಟ್ಟೆಗಳ ಮೇಲೆ ಬೂಷ್ಟು ಹಿಡಿಯಲು ಶುರು. ಜಡಿ ಹಿಡಿದ ಆಷಾಢದಲ್ಲಿ ಅದು ದಿನವಿಡೀ ಶೇ. 85ರ ಮೇಲೇ ಇರುತ್ತದೆ.

ಹಾಗಾಗಿ ಇಲ್ಲಿಯ ಕಲಾ ಗ್ರಂಥಾಲಯ ಮಳೆ ನಕ್ಷತ್ರಗಳ ಲೆಕ್ಕದಲ್ಲೇ ನಡೆಯಬೇಕು. ದಸರಾ ಕಳೆದ ಮೇಲೆ ಚಿತ್ರಗಳು ಹೊರಡಲಿ. ಮೇ ಕೊನೆಯೊಳಗೆ, ಮೃಗಶಿರ ಹುಟ್ಟುವ ಮುಂಚೆ, ಕಾಗದದ ಕೃತಿಗಳೆಲ್ಲ ವಾಪಸ್ ಬಂದು ಡಬ್ಬಿ ಸೇರಲಿ. ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ಮಣ್ಣಿನ ಫಲಕ ಮತ್ತು ಪ್ಲೈವುಡ್ ಮೇಲಿನ ಅಕ್ರಿಲಿಕ್ ಮಾತ್ರ ಓಡಾಡಲಿ.

ಡಬ್ಬಿ ಎಂದರೆ ರಬ್ಬರ್ ಅಂಚಿನ ಮುಚ್ಚಳವಿರುವ ಪಾಲಿಪ್ರೊಪಿಲೀನ್ ಪೆಟ್ಟಿಗೆ. ಒಳಗೆ ಚಿತ್ರಗಳ ನಡುವೆ ಆಮ್ಲರಹಿತ ಕಾಗದ, ತಳದಲ್ಲಿ ಬಟ್ಟೆಚೀಲದಲ್ಲಿ ಕಟ್ಟಿದ, ತೇವ ಹೀರುವ ಸಿಲಿಕಾ ಜೆಲ್ ಹರಳು ಕಾಲು ಕೆ.ಜಿ., ಮುಚ್ಚಳದ ಕೆಳಗೆ ಸಣ್ಣ ಆರ್ದ್ರತಾಮಾಪಕ. ಕೆಲವು ನೂರು ರೂಪಾಯಿಗೆ ಸಿಗುವ ಈ ಮಾಪಕ ಇಡೀ ಗ್ರಂಥಾಲಯದ ಅತಿ ಉಪಯುಕ್ತ ವಸ್ತು. ಜೆಲ್ ಬಣ್ಣ ಬದಲಾಯಿಸುವ ಕಿತ್ತಳೆಯದ್ದಿರಲಿ. ನೀಲಿಯದ್ದರಲ್ಲಿ ಕೋಬಾಲ್ಟ್ ವಿಷ ಇದೆ. ಬಣ್ಣ ಬದಲಾದಾಗ 110–120 ಡಿಗ್ರಿ ಶಾಖದ ಓವನ್‌ನಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು.

ಎಲ್ಲಕ್ಕಿಂತ ದೊಡ್ಡ ತಪ್ಪು, ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಗಾಬರಿಯಿಂದ ಪ್ಲಾಸ್ಟಿಕ್ ಕವರಿಗೆ ತುಂಬಿ ಕಟ್ಟುವುದು. ಆಗ ಕಾಗದ ಆಗಲೇ ನೀರುಂಡಿರುತ್ತದೆ, ನೀವು ಥಂಡಿಯನ್ನೇ ಒಳಗಿಟ್ಟು ಬೀಗ ಹಾಕಿದಂತೆ. ಡಬ್ಬಿ, ಮೌಂಟ್ ಬೋರ್ಡ್, ಹೊದಿಸುವ ಕಾಗದಗಳನ್ನು ಶಿವರಾತ್ರಿ ಹೊತ್ತಿನ ಒಣಹವೆಯಲ್ಲೇ ತುಂಬಿ ಮುಚ್ಚಿಡಿ. ಚಿತ್ರಗಳು ಬಂದಾಗ ಒಣ ಗೂಡಿಗೆ ಸೇರುತ್ತವೆ.

ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಚಿತ್ರಗಳನ್ನು ಅಲ್ಲಿಡುವವರಿದ್ದಾರೆ. ಅಡಿಕೆಗೆ, ಸೌದೆಗೆ ಸರಿ. ಚಿತ್ರಕ್ಕೆ ಹೊಗೆಯ ಜಿಡ್ಡು ಹಿಡಿಯುತ್ತದೆ, ಆ ಜಿಡ್ಡಿನ ಮೇಲೆ ಧೂಳು ಕೂರುತ್ತದೆ, ಧೂಳಿನ ಮೇಲೆ ಮತ್ತೆ ಬೂಷ್ಟು.

ಬೂಷ್ಟು ಬಂದೇಬಿಟ್ಟಿದೆ. ಒದ್ದೆ ಬಟ್ಟೇಲಿ ಒರೆಸಲಾ?

ಬೇಡವೇ ಬೇಡ. ಹಸಿ ಬೂಷ್ಟನ್ನು ಒರೆಸಿದರೆ ಅದು ಕಾಗದದ ನಾರಿನೊಳಗೆ ಹೋಗುತ್ತದೆ. ವಿನೆಗರ್, ಡೆಟಾಲ್ ಯಾವುದೂ ಬೇಡ.

ಮೊದಲು ಆ ಚಿತ್ರವನ್ನು ಉಳಿದವುಗಳಿಂದ ಬೇರೆ ಕೋಣೆಗೆ ಒಯ್ಯಿರಿ. ಫ್ರೇಮಿನಿಂದ ಬಿಡಿಸಿ ನೆರಳಿನಲ್ಲಿ, ಗಾಳಿಯಾಡುವ ಕಡೆ ಚಪ್ಪಟೆಯಾಗಿ ಒಣಗಿಸಿ. ಫ್ಯಾನ್ ಗೋಡೆಯ ಕಡೆ ತಿರುಗಿರಲಿ, ಚಿತ್ರದ ಮೇಲಲ್ಲ. ಬೂಷ್ಟು ಒಣಗಿ ಪುಡಿಯಾದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆದು ಕೂದಲಿನ ಒಂದಿಂಚಿನ ಕುಂಚದಿಂದ ನಿಮ್ಮ ಮುಖದಿಂದ ಆಚೆಗೆ ಹಗುರವಾಗಿ ತಳ್ಳಿ. ಕಂದು ಕಲೆ ಉಳಿದರೆ ಬಿಟ್ಟುಬಿಡಿ, ಅದು ಪರಿಣತರ ಕೆಲಸ. ಇನ್‌ಟ್ಯಾಕ್ ಸಂಸ್ಥೆಯ ಕಲಾಕೃತಿ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ಹಳೆಯ ಹಿಂಬೋರ್ಡನ್ನು ಮಾತ್ರ ಮತ್ತೆ ಬಳಸಬೇಡಿ, ಸುಟ್ಟುಹಾಕಿ.

ಒಯ್ದವರ ಮನೇಲಿ ಯಾವ ಗೋಡೆಗೆ ಹಾಕಿ ಅಂತ ಹೇಳಲಿ?

ಒಳಗೋಡೆಗೆ. ಎರಡು ಕೋಣೆಗಳ ನಡುವಿನ ಗೋಡೆಯೇ ಸುರಕ್ಷಿತ. ಪಡುವಣ ಮತ್ತು ನೈಋತ್ಯದ ಹೊರಗೋಡೆಗೆ ಎರಚಲು ಹೊಡೆಯುತ್ತದೆ. ಜಂಬಿಟ್ಟಿಗೆಯಾದರೆ ತೂತುತೂತಾದ ಆ ಕಲ್ಲು ನೀರನ್ನು ಒಳಗೆಳೆದು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಅಡುಗೆಮನೆ, ಬಚ್ಚಲ ಪಕ್ಕ, ದೇವರ ದೀಪದ ಮೇಲೆ, ಟಿ.ವಿ.ಯ ಮೇಲೆ ಬೇಡ.

ಫ್ರೇಮಿನ ಹಿಂದೆ, ಕೆಳಗಿನ ಎರಡು ಮೂಲೆಗೆ ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಹೆಬ್ಬೆರಳುಗುರಿನಷ್ಟು ಅಗಲದ ರಬ್ಬರ್ ತುಂಡು ಅಂಟಿಸಿ. ಒಂದು ಸೆಂ.ಮೀ.ನಷ್ಟು ಸಂದಿ ಬಿದ್ದು ಹಿಂದೆ ಗಾಳಿ ಓಡುತ್ತದೆ. ಹಲ್ಲಿ ಮೊಟ್ಟೆ ಇಡುವುದೂ ಅಲ್ಲೇ, ತಿಂಗಳಿಗೊಮ್ಮೆ ನೋಡಲು ಹೇಳಿ.

ಮಣ್ಣಿನ ಗೋಡೆಯಲ್ಲಿ ಮೊಳೆ ಮೊದಲ ದಿನ ಗಟ್ಟಿ ಅನ್ನಿಸುತ್ತದೆ, ವಾರದಲ್ಲಿ ಸಡಿಲ. ಅಂಥ ಮನೆಯಲ್ಲಿ ತೊಲೆಯಿಂದ ನೈಲಾನ್ ಹುರಿ ಇಳಿಬಿಡಿ. ಸಿಮೆಂಟ್ ಗೋಡೆಯಾದರೆ 6 ಮಿ.ಮೀ. ತೂತು, ಪ್ಲಗ್, ಸ್ಕ್ರೂ, ಒಂದಲ್ಲ, ಎರಡು. ಒಂದೇ ಮೊಳೆಯಲ್ಲಿ ತೂಗಿದ ಚಿತ್ರ ಬಾಗಿಲು ಬಡಿದಾಗೆಲ್ಲ ಓರೆಯಾಗಿ ಹುರಿ ಸವೆಯುತ್ತದೆ.

ಹಳ್ಳಿಯಿಂದ ಬಸ್ಸಲ್ಲಿ ತರಬೇಕು. ಹೇಗೆ ಕಟ್ಟೋದು?

ಮೂಲೆಗಳಿಗೆ ರಟ್ಟಿನ ಟೋಪಿ, ಮುಂಭಾಗಕ್ಕೆ ಫ್ರೇಮಿನ ಅಳತೆಯ ದಪ್ಪ ರಟ್ಟು, ಅದರ ಮೇಲೆ ಬಬಲ್ ಹೊದಿಕೆ ಗುಳ್ಳೆ ಹೊರಗಾಗಿ. ಗಾಜಿದ್ದರೆ ಅದರ ಮೇಲೆ ಕಾಗದದ ಟೇಪನ್ನು ಜಾಲರಿಯಂತೆ ಅಂಟಿಸಿ. ಅಕ್ರಿಲಿಕ್ ಬಣ್ಣಕ್ಕೆ ಬಬಲ್ ಹೊದಿಕೆ ನೇರವಾಗಿ ತಾಗಬಾರದು; ಸೆಖೆಗೆ ಬಣ್ಣ ಮೆತ್ತಗಾಗಿ ಗುಳ್ಳೆಗಳ ಗುರುತು ಸಾಲಾಗಿ ಅಚ್ಚೊತ್ತುತ್ತದೆ. ನಡುವೆ ಗ್ಲಾಸೀನ್ ಎಂಬ ತೆಳು, ನುಣುಪು ಕಾಗದ ಹಾಕಿ.

ಬಸ್ಸಿನಲ್ಲಿ ಚಿತ್ರವನ್ನು ನಿಲ್ಲಿಸಿ ಹಿಡಿಯಿರಿ, ಮಲಗಿಸಬೇಡಿ. ಟಾಪಿನ ಮೇಲಾಗಲಿ ಹಿಂದಿನ ಡಿಕ್ಕಿಗಾಗಲಿ ಹಾಕಬೇಡಿ. ಮಳೆಯಿದ್ದರೆ ಟಾರ್ಪಾಲಿನ ತುಂಡು ಸುತ್ತಿ. ಖಾಲಿ ಗೊಬ್ಬರದ ಚೀಲ ಕೈಗೆ ಸಿಗುತ್ತದೆ, ಅಳತೆಗೂ ಸರಿಯಾಗಿರುತ್ತದೆ, ಆದರೆ ಅದನ್ನು ಮುಟ್ಟಬೇಡಿ. ಎಷ್ಟು ತೊಳೆದರೂ ಹೊಲಿಗೆಯಲ್ಲಿ ಉಳಿದ ಯೂರಿಯಾ ಗಾಳಿಯ ನೀರನ್ನು ಎಳೆದು ಒಳಗೆ ಒದ್ದೆ ಮಾಡುತ್ತದೆ. ತಲುಪಿದ ದಿನವೇ ಹೊದಿಕೆ ಬಿಚ್ಚಿ.

## ಗೋಡೆ ಚಿತ್ತಾರ, ಮರದ ಕೆತ್ತನೆ

ಹಸೆ ಚಿತ್ತಾರ ಗೋಡೆ ಮೇಲೆ ಬರೆಯೋದು. ಅದನ್ನ ಎರವಲು ಕೊಡೋದು ಹೇಗೆ?

ಗೋಡೆಯನ್ನು ಕೊಡಲಾಗದು, ನಿಜ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅರೆದ ಅಕ್ಕಿಯ ಬಿಳಿ, ಹುರಿದು ಕರಿಕು ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಗಳಿಂದ, ಪುಂಡಿನಾರಿನ ಕುಂಚದಲ್ಲಿ ಬರೆಯುತ್ತಾರೆ. ಮದುವೆ ಹಸೆಯನ್ನು ಅದೇ ಮದುವೆಗೆಂದು ಬರೆಯುತ್ತಾರೆ. ಅದನ್ನು ಹಲಗೆಗೆ ಇಳಿಸಿ ಊರೂರು ಸುತ್ತಿಸುವುದು ಬರೆಯುವವರಿಗೆ ಸಮ್ಮತವೇ ಎಂದು ಅವರನ್ನೇ ಕೇಳಬೇಕು. ಕೆಲವರು ತೇರಿನ ಚಿತ್ತಾರ ಕೊಡುತ್ತಾರೆ, ಹಸೆ ಕೊಡುವುದಿಲ್ಲ. ಅಲ್ಲಿಗೆ ಮಾತು ಮುಗಿಯಿತು, ಒತ್ತಾಯ ಬೇಡ.

ಎರವಲಿಗೆ ಹೊಂದುವುದು 6 ಮಿ.ಮೀ. ಪ್ಲೈವುಡ್‌ಗೆ ಹತ್ತಿಬಟ್ಟೆ ಅಂಟಿಸಿ, ಗೋಂದು ಬೆರೆಸಿದ ಕೆಮ್ಮಣ್ಣನ್ನು ತೆಳುವಾಗಿ ಎರಡು ಮೂರು ಸಲ ಬಳಿದ ಹಲಗೆ. ಒಂದೇ ಸಲ ದಪ್ಪಗೆ ಬಳಿದರೆ ಒಣಗುವಾಗ ಬಾಯಿಬಿಟ್ಟು ಹಕ್ಕಳೆ ಏಳುತ್ತದೆ. ಅಕ್ಕಿಯ ಬಿಳಿ ಎಂದರೆ ಹುಳುಗಳಿಗೆ ಊಟ: ಜಿರಳೆ ಮತ್ತು ಬೆಳ್ಳಿಹುಳ ರಾತ್ರೋರಾತ್ರಿ ಗೆರೆಗಳನ್ನೇ ಕೆರೆದು ತಿನ್ನುತ್ತವೆ, ಕೆಂಪು ನೆಲ ಹಾಗೇ ಉಳಿಯುತ್ತದೆ. ಅದಕ್ಕೆ ಆಳವಾದ ಪೆಟ್ಟಿಗೆ ಫ್ರೇಮ್ ಮಾಡಿಸಿ, ಮುಂದೆ ಅಕ್ರಿಲಿಕ್ ಶೀಟ್ ಹಾಕಿ, ಹಿಂದಿನ ಸಂದಿಗಳನ್ನೆಲ್ಲ ಟೇಪಿನಿಂದ ಮುಚ್ಚಿ. ಮೇಲೆ ವಾರ್ನಿಷ್ ಹೊಡೆಯಬೇಡಿ. ಮಣ್ಣಿನ ಆ ಮಂಕು ಕೆಂಪು ಕಪ್ಪಾಗಿ, ಚಿತ್ತಾರದ ಜೀವವೇ ಹೋಗುತ್ತದೆ.

ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆಯುವ ಬುಟ್ಟಿಗೂ ಇದೇ ಮಾತು. ಸಗಣಿ, ಕೆಮ್ಮಣ್ಣು ಬಳಿದ ಬುಟ್ಟಿ ಬಾಗಿದರೆ ಬಣ್ಣ ಉದುರುತ್ತದೆ. ಹಿಡಿಯುವಾಗ ಅಂಚನ್ನು ಹಿಡಿಯದೆ ಎರಡು ಕೈಯಲ್ಲಿ ತಳ ಹಿಡಿಯಲು ಹೇಳಿ.

ಚೀಟಿಯಲ್ಲಿ ‘ಜನಪದ ಕಲೆ, ಮಲೆನಾಡು’ ಎಂದಷ್ಟೇ ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಬರೆದ ಕೈಗೆ ಹೆಸರಿದೆ, ಊರಿದೆ. ಎಣ್ಣೆಬಣ್ಣದವರ ಹೆಸರು ದಪ್ಪಕ್ಷರದಲ್ಲಿ, ಚಿತ್ತಾರದವರ ಹೆಸರೇ ಇಲ್ಲ ಎಂಬುದು ಅನ್ಯಾಯ.

ಗುಡಿಗಾರರ ಕೆತ್ತನೆಗಳನ್ನೂ ತಗೋಬಹುದಾ?

ಶಿವನಿ ಮರದ ಕೆತ್ತನೆ ಧಾರಾಳವಾಗಿ ತೆಗೆದುಕೊಳ್ಳಬಹುದು. ಗಂಧದ್ದಾದರೆ ಮರ ಕೊಂಡ ರಸೀದಿಯ ಪ್ರತಿ ಜೊತೆಗಿರಲಿ. ದಂತದ ಹಳೆಯ ವಸ್ತು ಯಾರೇ ತಂದರೂ ಬೇಡ ಎನ್ನಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ತೊಡಕಿದೆ. ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆಗಳು ಪ್ರಾಚ್ಯವಸ್ತು ಕಾಯ್ದೆ 1972ರ ಕೆಳಗೆ ಬರುತ್ತವೆ, ಅವೂ ಎರವಲಿನ ಓಡಾಟಕ್ಕಲ್ಲ. ಮರ ಥಂಡಿಗೆ ಹಿಗ್ಗಿ ಒಣಹವೆಗೆ ಕುಗ್ಗುತ್ತದೆ. ತೀರ್ಥಹಳ್ಳಿಯ ಮಳೆಯಿಂದ ಶಿಕಾರಿಪುರದ ಬಿಸಿಲಿಗೆ ಏಕಾಏಕಿ ಒಯ್ದರೆ ಸೀಳು ಬಿಡುತ್ತದೆ. ಪೆಟ್ಟಿಗೆಯಲ್ಲೇ ವಾರ ಬಿಟ್ಟು ನಿಧಾನಕ್ಕೆ ಹೊರತೆಗೆಯಿರಿ.

## ಕಾಗದಪತ್ರ, ಕಾನೂನು

ಒಯ್ದವರು ನನ್ನ ಚಿತ್ರದ ಫೋಟೋ ತೆಗೆದು ಕ್ಯಾಲೆಂಡರ್ ಮಾಡಿದ್ರೆ?

ಮಾಡುವಂತಿಲ್ಲ. ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಪ್ರತಿ ತೆಗೆಯುವ, ಸಾರ್ವಜನಿಕರಿಗೆ ತಲುಪಿಸುವ ಹಕ್ಕು ನಿಮ್ಮದು, ನಿಮ್ಮ ಜೀವಮಾನವಿಡೀ ಮತ್ತು ಆಮೇಲೆ 60 ವರ್ಷ. ನೆನಪಿಗೆಂದು ಮನೆಯಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ತಪ್ಪಲ್ಲ. ಗ್ರಂಥಾಲಯ ತನ್ನ ಪಟ್ಟಿಯಲ್ಲಿ ಫೋಟೋ ಹಾಕಲು ಕೂಡ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆಯಲ್ಲಿ ಯಾವ ಅಳತೆಯ ಫೋಟೋ, ಎಲ್ಲಿ, ಎಷ್ಟು ಕಾಲ ಎಂದು ಬರೆಯಿರಿ. ಹಕ್ಕನ್ನೇ ಬರೆದುಕೊಡುವ ಕಾಗದದಲ್ಲಿ ಅವಧಿ ಹೇಳದಿದ್ದರೆ ಕಾಯ್ದೆ 5 ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಹೇಳದಿದ್ದರೆ ಇಡೀ ಭಾರತ.

ಹಕ್ಕು ಬಿಟ್ಟುಕೊಟ್ಟ ಮೇಲೂ 57ನೇ ಕಲಮಿನ ಕೆಳಗೆ ಕೃತಿ ನಿಮ್ಮದೆಂದು ಹೇಳಿಕೊಳ್ಳುವ ಮತ್ತು ಹೆಸರಿಗೆ ಕುಂದು ಬರುವಂತೆ ಅದನ್ನು ತಿದ್ದಿ ತಿರುಚಿದರೆ ತಡೆಯುವ ಹಕ್ಕು ಉಳಿಯುತ್ತದೆ. ಆದರೆ ನಿಮಗೆ ಒಪ್ಪುವ ಹಾಗೆ ತೂಗುಹಾಕಲಿಲ್ಲ ಎಂಬುದು ಆ ಕಲಮಿಗೆ ಬರುವುದಿಲ್ಲ. ಇನ್ನೊಂದು ಮುಖ್ಯ ಮಾತು: ಯಾರೋ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಕೃತಿಸ್ವಾಮ್ಯ ಬರೆಸಿದವರದ್ದೇ.

ಒಡೆದ್ರೆ, ಕಳೆದ್ರೆ ಯಾರು ಹೊಣೆ?

ಒಪ್ಪಂದದಲ್ಲಿ ಏನೂ ಬರೆಯದಿದ್ದರೆ ಭಾರತೀಯ ಒಪ್ಪಂದ ಕಾಯ್ದೆ 1872 ಅನ್ವಯಿಸುತ್ತದೆ. ಸಾಮಾನ್ಯ ವಿವೇಕದವರು ತಮ್ಮ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜತನವನ್ನು ಒಯ್ದವರು ಮಾಡಿದ್ದರೆ, ಹಾನಿಗೆ ಅವರು ಹೊಣೆಯಲ್ಲ. ಹಾಗಾಗಿ ‘ಹಾನಿಯಾದರೆ ಇಷ್ಟು ಮೊತ್ತ, ಇಂಥವರು’ ಎಂದು ಬೇರೆಯಾಗಿ ಬರೆಯಲೇಬೇಕು. ನಿಮ್ಮ ಒಪ್ಪಂದ ಗ್ರಂಥಾಲಯದ ಜೊತೆ, ಮನೆಯವರ ಜೊತೆಯಲ್ಲ. ಎದುರು ನಿಂತು ಉತ್ತರ ಕೊಡಬೇಕಾದ್ದು ಗ್ರಂಥಾಲಯ. ಒಯ್ದವರು ಹೇಳದೆ ಕೇಳದೆ ಭಾವನ ಮನೆಯ ಗೃಹಪ್ರವೇಶಕ್ಕೆ ದಾಟಿಸಿದ್ದರೆ, ಅಲ್ಲಾದ ಹಾನಿಗೆ ಜತನ ಮಾಡಿದ್ದೆ ಎಂಬ ಸಬೂಬು ನಡೆಯುವುದಿಲ್ಲ.

ಪ್ರದರ್ಶನ ಸಿಕ್ಕಿದೆ, ಮಧ್ಯದಲ್ಲೇ ಚಿತ್ರ ವಾಪಸ್ ಬೇಕು. ಕೇಳಬಹುದಾ?

ಉಚಿತ ಎರವಲಾದರೆ ಅವಧಿ ಮುಗಿಯದಿದ್ದರೂ ಕೇಳಬಹುದು. ಅದರಿಂದ ಒಯ್ದವರಿಗೆ ಅವರು ಪಡೆದ ಲಾಭಕ್ಕಿಂತ ಹೆಚ್ಚು ನಷ್ಟವಾದರೆ ಆ ವ್ಯತ್ಯಾಸ ತುಂಬಿಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. 15 ದಿನದ ಮುನ್ಸೂಚನೆ ಎಂದು ಒಪ್ಪಂದದಲ್ಲಿದ್ದರೆ ಇಬ್ಬರಿಗೂ ಹಗುರ.

ಮನೆಯವರಿಗೆ ಚಿತ್ರ ಮನಸ್ಸಿಗೆ ಹತ್ತಿ, ಕೊಂಡ್ಕೋತೀವಿ ಅಂದ್ರೆ?

ಸಂತೋಷದ ವಿಷಯ. ಮಾರುವುದು ನೀವು, ಗ್ರಂಥಾಲಯವಲ್ಲ. ಅದು ಪಾಲು ಕೇಳುವುದಾದರೆ ಮೊದಲೇ ಬರೆದಿರಬೇಕು. ಚಿತ್ರ ಮಾರಿದರೂ ಕೃತಿಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆ ಎಂದು ರಸೀದಿಯಲ್ಲೇ ಒಂದು ಸಾಲು ಹಾಕಿ. ಮುಂದೆ ಆ ಮೂಲಚಿತ್ರ 10,000 ರೂಪಾಯಿ ಮೀರಿ ಮರುಮಾರಾಟವಾದರೆ ಅದರಲ್ಲೂ ಪಾಲು ಕೇಳುವ ಹಕ್ಕು ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಲ್ಲಿದೆ, ಗರಿಷ್ಠ ಶೇ. 10.

ಅವಧಿ ಮುಗಿದು ತಿಂಗಳಾಯ್ತು, ಫೋನ್ ಎತ್ತಲ್ಲ. ಏನ್ ಮಾಡೋದು?

ಮೊದಲು ಯಾರಾದರೂ ಮನೆಗೆ ಹೋಗಿ ಬರಲಿ. ಬಹಳ ಸಲ ಒಡೆದ ಗಾಜಿನ ನಾಚಿಕೆಯೇ ಕಾರಣ, ಕದಿಯುವ ಮನಸ್ಸಲ್ಲ. ಆಗಲಿಲ್ಲವೆಂದರೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ. ಗಡುವು ದಾಟಿದ ದಿನದಿಂದ ಆಗುವ ಎಲ್ಲ ಹಾನಿಗೂ ಅವರೇ ಹೊಣೆ ಎಂದು ಒಪ್ಪಂದ ಕಾಯ್ದೆಯಲ್ಲಿದೆ, ಅದನ್ನು ಪತ್ರದಲ್ಲಿ ಬರೆಯಿರಿ.

ನಾನು ತೀರಿಕೊಂಡ್ರೆ ಎರವಲು ಕೊಟ್ಟ ಚಿತ್ರ ಏನಾಗತ್ತೆ?

ಉಚಿತ ಎರವಲು ಕೊಟ್ಟವರ ಅಥವಾ ಪಡೆದವರ ಮರಣದೊಂದಿಗೆ ಕೊನೆಯಾಗುತ್ತದೆ. ಚಿತ್ರ ವಾರಸುದಾರರಿಗೆ ಸೇರಬೇಕು. ಆದರೆ ಮಕ್ಕಳಿಗೆ ಚಿತ್ರ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಯಾರಿಗೆ ತಿಳಿಸಬೇಕು ಎಂಬ ಹೆಸರೊಂದನ್ನು ಒಪ್ಪಂದದಲ್ಲಿ ಬರೆಸಿ, ರಸೀದಿಯ ಪ್ರತಿಯನ್ನು ರೇಷನ್ ಕಾರ್ಡ್, ಪಹಣಿ ಇಡುವ ಕಡೆಯೇ ಇಡಿ.

## ನಡೆಸಲು ಹೊರಟವರಿಗೆ

ಮನೆಗೆ ಚಿತ್ರ ಎರವಲು ಕೊಡೋದು ಬೇರೆಲ್ಲಾದ್ರೂ ನಡೆದಿದೆಯಾ?

ನಡೆದಿದೆ. ಅಮೆರಿಕದ ಓಹಾಯೊದಲ್ಲಿರುವ ಓಬರ್ಲಿನ್ ಕಾಲೇಜು 1940ರಿಂದ ವಿದ್ಯಾರ್ಥಿಗಳಿಗೆ ಮೂಲಕೃತಿಗಳನ್ನೇ ಹಾಸ್ಟೆಲ್ ಕೋಣೆಗೆ ಕೊಡುತ್ತಾ ಬಂದಿದೆ, ಒಂದು ಸೆಮಿಸ್ಟರ್ ಅವಧಿಗೆ ಐದು ಡಾಲರಿಗೆ. ಚಿತ್ರ ಆರಿಸಿಕೊಳ್ಳಲು ಮಕ್ಕಳು ಹಿಂದಿನ ರಾತ್ರಿಯೇ ಬಂದು ಸಾಲಿನಲ್ಲಿ ಮಲಗುತ್ತಾರೆ. ಜರ್ಮನಿಯ ಊರುಗಳಲ್ಲೂ ಇಂಥ ಚಿತ್ರ ಎರವಲು ಕೇಂದ್ರಗಳಿವೆ.

ನಮ್ಮೂರಲ್ಲೇ ಶುರು ಮಾಡಬೇಕು. ಎಲ್ಲಿಂದ ಶುರು?

ಇಪ್ಪತ್ತು ಚಿತ್ರ, ಎಂಟು ಹತ್ತು ಫ್ರೇಮ್, ಎರಡು ಡಬ್ಬಿ, ಒಂದು ಆರ್ದ್ರತಾಮಾಪಕ, ಒಂದು ದಪ್ಪ ರಿಜಿಸ್ಟರ್. ಇದಕ್ಕಿಂತ ಹೆಚ್ಚು ಮೊದಲ ವರ್ಷ ಬೇಡ, ನೋಡಿಕೊಳ್ಳಲಾಗದು. ಜಾಗಕ್ಕೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನು ಕೇಳಿ. ಪುಸ್ತಕ ಕೊಡುವ ತೆಗೆದುಕೊಳ್ಳುವ ಪದ್ಧತಿ ಅಲ್ಲಿ ಆಗಲೇ ಇದೆ, ಬೀಗವೂ ಇದೆ. ಕೋಣೆಯಲ್ಲಿ ಕಪಾಟು ನೆಲದಿಂದ 15 ಸೆಂ.ಮೀ. ಎತ್ತರ, ಗೋಡೆಯಿಂದ 10 ಸೆಂ.ಮೀ. ದೂರ ಇರಲಿ. ಗೆದ್ದಲು ಗೋಡೆ ಹಿಡಿದೇ ಬರುತ್ತದೆ, ಸಂದಿ ಇದ್ದರೆ ಅದರ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ.

ಹಣ, ಒಪ್ಪಂದಗಳು ಸಂಸ್ಥೆಯ ಹೆಸರಲ್ಲಿ ಇರಬೇಕೆಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಕನಿಷ್ಠ 7 ಜನ ಸೇರಿ ನೋಂದಾಯಿಸಬಹುದು. ಆ ಏಳರಲ್ಲಿ ಕಲಾವಿದರು ಮೂವರಾದರೂ ಇರಲಿ, ಒಬ್ಬರು ಚಿತ್ತಾರ ಬರೆಯುವವರಾಗಿರಲಿ.

ಪ್ರತಿ ಚಿತ್ರಕ್ಕೂ ಬಂದ ವರ್ಷ ಮತ್ತು ಕ್ರಮಸಂಖ್ಯೆ ಸೇರಿಸಿ ಒಂದು ಸಂಖ್ಯೆ ಕೊಡಿ. ಕಲಾವಿದರಿಗೆ ವಾಪಸ್ ಹೋದ ಚಿತ್ರದ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬೇಡಿ. ರಿಜಿಸ್ಟರನ್ನು ನೀರಿಗೆ ಹರಡದ ಶಾಯಿಯಲ್ಲಿ ಬರೆದು, ಪ್ರತಿ ತಿಂಗಳು ಹೊಸ ಪುಟಗಳ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲಿಡಿ. ಮೇ ಮೂರನೇ ವಾರದಲ್ಲಿ ಎಲ್ಲ ಚಿತ್ರ ಎಣಿಸಿ, ಸ್ಥಿತಿಪತ್ರ ಹೋಲಿಸಿ, ಪ್ರತಿ ಕಲಾವಿದರಿಗೂ ಒಂದು ಕಾರ್ಡು ಹಾಕಿ: ನಿಮ್ಮ ಚಿತ್ರ ಈ ವರ್ಷ ಎಷ್ಟು ಮನೆಗಳಲ್ಲಿತ್ತು, ಮನೆಯವರು ಏನೆಂದರು, ಈಗ ಯಾವ ಡಬ್ಬಿಯಲ್ಲಿದೆ.